ಸೀಲಂಗಡಿಯವನ ಕಾರ್ಡು

ಮೂವತ್ತೊಂದು ವರ್ಷ ಕೋಲಾರದಲ್ಲಿ ಕೂತು
ಅಕ್ಷರಗಳನ್ನು ತಿರುವುಮುರುವಾಗಿ ಕೆತ್ತಿದವನು ನಾನು.
‘ನಿಜ ಪ್ರತಿ’, ‘ಪಾವತಿಸಿದೆ’,
‘ಗ್ರಾಮ ಲೆಕ್ಕಿಗರು, ವೇಮಗಲ್’.
ರಬ್ಬರಿನ ಮೇಲೆ ಎಲ್ಲರೂ ನನಗೆ ಬೆನ್ನು ಹಾಕಿಯೇ ಕೂತರು,
ಮುಖ ತೋರಿಸಿದ್ದು ಕಾಗದಕ್ಕೆ.

ಈಗ ಸೀಲು ಮಿಷನ್ನಿನಲ್ಲೇ ಹುಟ್ಟುತ್ತದೆ,
ಹುಟ್ಟುವಾಗಲೇ ಹೊಟ್ಟೆ ತುಂಬ ಶಾಯಿ.
ನನ್ನ ಚಾಕುವಿಗೆ ಸೊಪ್ಪು ಹೆಚ್ಚುವಷ್ಟೂ ಉದ್ದವಿಲ್ಲ.

ಮಗಳು ಇಂದ್ರಾಣಿಗೆ ನಲವತ್ತು ಕಾರ್ಡುಗಳ ಆರ್ಡರು.
‘ಅಪ್ಪಾ, ಒಂದು ಗುಬ್ಬಿ ಕೊಯ್ದುಕೊಡು’ ಅಂದಳು.
ಕೊಯ್ಯೋದು ಕೋಳೀನ ಕಣಮ್ಮ,
ಗುಬ್ಬೀನ ಕೆತ್ತೋದು.
ಹಳೇ ರಬ್ಬರಿನ ತುಂಡು, ತಹಶೀಲ್ದಾರರಲ್ಲಿ ಮಿಕ್ಕಿದ್ದು.
ಬಲಕ್ಕೆ ನೋಡಲೆಂದು ಎಡಕ್ಕೆ ಕೆತ್ತಿದೆ.
ಅಭ್ಯಾಸ.
ಗುಬ್ಬಿಗೆ ಎಡವೇನು ಬಲವೇನು,
ಒತ್ತಿದಲ್ಲೆಲ್ಲ ಹಾರಲು ಸಿದ್ಧ.

ಆಕಾಶ ಬಳಿಯುವುದು ಅವಳ ಪಾಲು.
ಬೋರಿನ ನೀರಲ್ಲಿ ನೀಲಿ ಕಲಸಿದರೆ
ಒಣಗುವಾಗ ಅಂಚಿಗೆ ಸುಣ್ಣದ ಗೆರೆ,
ನಮ್ಮ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ.
ಐದು ರೂಪಾಯಿ ನಾಣ್ಯ ಹಾಕಿ
ಕ್ಯಾನಿನಲ್ಲಿ ಸಿಹಿನೀರು ಹಿಡಿದು ತರುತ್ತಾಳೆ,
ಕುಡಿಯಲಿಕ್ಕೊಂದಿಷ್ಟು, ಮೋಡಕ್ಕೊಂದಿಷ್ಟು.

ಮೂವತ್ತೊಂಬತ್ತು ಮುಗಿದವು.
ಕೊನೆಯದೊಂದು ನನಗೆ ಬಿಡು ಅಂದೆ.
ಯಾರಿಗೆ ಅಂತ ಅವಳು ಕೇಳಲಿಲ್ಲ.
ಸೋಮವಾರ ರಂಜಾನ್ ಇತ್ತು.

ದಸ್ತಗೀರ್ ಮತ್ತು ನಾನು
ಒಂದೇ ಬಾಗಿಲಿನ ಅರ್ಧ ಅರ್ಧ ಬಾಡಿಗೆ.
ನನ್ನ ಕಡೆ ಸೀಲು, ಅವನ ಕಡೆ ನಂಬರ್ ಪ್ಲೇಟು.
ಊರಿನ ಸ್ಕೂಟರುಗಳೆಲ್ಲ ಅವನ ಕೈಯ ‘ಕೆಎ ೦೭’ ಹೊತ್ತು
ಬಂಗಾರಪೇಟೆ ರಸ್ತೆಯಲ್ಲಿ ದೂಳೆಬ್ಬಿಸುತ್ತಿದ್ದವು.
ಒಂದು ಡಬ್ಬಿ ಕಪ್ಪು ಪೇಂಟಿನ ಲೆಕ್ಕ
ನನ್ನ ಪುಸ್ತಕದಲ್ಲಿ ಒಂದು, ಅವನದರಲ್ಲಿ ಇನ್ನೊಂದು.
ಡಬ್ಬಿಯ ಬೆಲೆ ನೂರಾ ಎಂಬತ್ತು.
ಮಾತು ಬಿಟ್ಟು ಹನ್ನೊಂದು ವರ್ಷ.

ಸ್ಟೆನ್ಸಿಲ್ ಕತ್ತರಿಸಲು ಕಲಿಸಿದವನೇ ಅವನು.
‘ಗುಂಡಗಿರೋ ಅಕ್ಷರಕ್ಕೆಲ್ಲ ಸೇತುವೆ ಬಿಡು ಅಣ್ಣಾ,
ಇಲ್ಲದಿದ್ರೆ ಹೊಟ್ಟೆ ಉದುರಿಹೋಗ್ತದೆ.’
ಇಂಗ್ಲಿಷಿಗೆ ಅಲ್ಲೊಂದು ಇಲ್ಲೊಂದು ಹೊಟ್ಟೆ,
ನಮ್ಮ ಕನ್ನಡಕ್ಕೆ ಮೈಯೆಲ್ಲ ಹೊಟ್ಟೆ, ಬರೀ ಸೇತುವೆ ಕೆಲಸ.

ನನ್ನ ತಾಯಿಯ ಮೊಣಕಾಲಿನ ಎಕ್ಸ್‌ರೇ ಹಾಳೆ ತೆಗೆದೆ.
ಮೂಳೆಯ ಬೆಳಕಿನ ಮೇಲೆ ಪೆನ್ಸಿಲ್ಲಿನಲ್ಲಿ
‘ಈದ್ ಮುಬಾರಕ್’ ಬರೆದು ಕೊರೆಯತೊಡಗಿದೆ.
ಕೈ ತಾನಾಗಿ ತಿರುವುಮುರುವು ಹೋಯಿತು.
ಹಾಳೆ ಮಗುಚಿದೆ, ನೆಟ್ಟಗಾಯಿತು.
ರಬ್ಬರಿನಲ್ಲಿ ಇಂಥ ಕ್ಷಮೆ ಇಲ್ಲ.

ಆದರೆ ‘ರ’ದಲ್ಲಿ ಸೇತುವೆ ಮರೆತಿದ್ದೆ.
ಕಡಲೆಬೇಳೆಯಷ್ಟು ಹೊಟ್ಟೆ
ಟಪ್ಪೆಂದು ಕೆಳಗೆ ಬಿತ್ತು.
ಮೇಜಿನಡಿ ಹುಡುಕಿ, ಕನ್ನಡಕ ಒರೆಸಿ,
ಬೆರಳ ತುದಿಯ ಒದ್ದೆಯಲ್ಲಿ ಅಂಟಿಸಿಕೊಂಡು
ವಾಪಸು ಅದರ ಜಾಗದಲ್ಲಿ ಇಟ್ಟೆ.
ಸ್ಪಂಜಿನಿಂದ ಹಳದಿ ಒತ್ತುತ್ತಾ ಬಂದೆ,
ಈ, ದ್, ಮು, ಬಾ,
ಹಾಳೆ ಎತ್ತಿದರೆ
ಹೊಟ್ಟೆ ಒಂದು ಬದಿಗೆ ಜರುಗಿಬಿಟ್ಟಿದೆ.
‘ರ’ ಇರಬೇಕಾದಲ್ಲಿ
ತಲೆಕಟ್ಟಿನ ಕೆಳಗೆ
ಎಳೆ ಚಂದ್ರ.

‘ಹಾಳಾಯ್ತಾ?’ ಅಂದಳು ಇಂದ್ರಾಣಿ.
ಉತ್ತರಿಸದೆ ಆಕಾಶವನ್ನೂ ನಾನೇ ಬಳಿದೆ,
ಬೇಕೆಂದೇ ಬೋರಿನ ನೀರಿನಲ್ಲಿ.
ಸುಣ್ಣದ ಗೆರೆ ಚಂದ್ರನ ಸುತ್ತ ನಿಧಾನ ಏಳುವುದನ್ನು
ಫ್ಯಾನು ಆರಿಸಿ ನೋಡುತ್ತ ಕೂತೆ.

ಕೆಳಗೆ ಸಹಿ ಹಾಕಬೇಕಿತ್ತು.
ಡ್ರಾಯರಿನಲ್ಲಿ ಊರಿನವರದೆಲ್ಲ ಹೆಸರಿದೆ,
ಸತ್ತ ಕಾರ್ಯದರ್ಶಿಯದೂ ಇದೆ,
ನನ್ನದೊಂದು ಕೆತ್ತಿಕೊಂಡಿಲ್ಲ.
ಹಾಗೆಯೇ ಲಕೋಟೆಗೆ ಹಾಕಿದೆ.

ಚಂದ್ರನನ್ನು ಬೆರಳಲ್ಲಿ ಮುಟ್ಟಿ
ಅವನು ಬೈಯುವುದು ಇಲ್ಲಿಗೇ ಕೇಳಿಸುತ್ತದೆ:
ಎಷ್ಟು ಸಲ ಹೇಳಿದ್ದೆ ಅಣ್ಣಾ,
ಸೇತುವೆ ಬಿಡು ಅಂತ.